ಇಲಿ ಏಕೆ ನಿಂತಿತು?

ರೈಲಿನಲ್ಲಿ ವಾಡಿ ಜಂಕ್ಷನ್ ದಾಟಿದ್ದರೆ ಸಿಮೆಂಟ್ ಕಾರ್ಖಾನೆಯ ಎತ್ತರದ ಚಿಮಣಿಗಳನ್ನು ನೀವು ನೋಡಿಯೇ ಇರುತ್ತೀರಿ. ಸುಣ್ಣದ ಕಲ್ಲನ್ನು ಸುಡುವ ಗೂಡಿನೊಳಗೆ ಜ್ವಾಲೆಯ ಉಷ್ಣತೆ ಸುಮಾರು 2000 ಡಿಗ್ರಿ ಸೆಲ್ಸಿಯಸ್. ಅಂಥ ಶಾಖದಲ್ಲಿ ಗಾಳಿಯ ನೈಟ್ರೋಜನ್ ಮತ್ತು ಆಕ್ಸಿಜನ್ ಕೂಡಿ ನೈಟ್ರಿಕ್ ಆಕ್ಸೈಡ್ ಉಂಟಾಗುತ್ತದೆ. ಇದೇ ಅನಿಲವನ್ನು ನಿಮ್ಮ ಮಿದುಳು 37 ಡಿಗ್ರಿಯಲ್ಲೇ ತಯಾರಿಸುತ್ತಿದೆ!

ಮಿದುಳಿನ ಉಪಾಯ ಬೇರೆ. ಅದು ಆರ್ಜಿನಿನ್ ಎಂಬ ಅಮೈನೊ ಆಮ್ಲದಿಂದ ನೈಟ್ರೋಜನ್ ಪಡೆಯುತ್ತದೆ. ಈ ಕೆಲಸ ಮಾಡುವುದು ಒಂದು ಕಿಣ್ವ. ಹುಟ್ಟಿದ ಅಣುವನ್ನು ಕೂಡಿಡಲು ಸಾಧ್ಯವಿಲ್ಲ. ಅದು ಜೀವಕೋಶಗಳ ಪೊರೆ ದಾಟಿ ನೆರೆಯ ಕೋಶಗಳಿಗೆ ಹರಡಿ, ಕೆಲವೇ ಸೆಕೆಂಡುಗಳಲ್ಲಿ ಇಲ್ಲವಾಗುತ್ತದೆ. (ಇದರಲ್ಲಿರುವ ಎಲೆಕ್ಟ್ರಾನುಗಳು 15. ಒಂದು ಜೋಡಿಯಿಲ್ಲದೆ ಉಳಿಯುವುದರಿಂದ ಇದು ಕಾಂತಕ್ಕೂ ಸ್ವಲ್ಪ ಸೆಳೆಯಲ್ಪಡುತ್ತದೆ. ಭೌತವಿಜ್ಞಾನಿಗೆ ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗದು.) ರಕ್ತನಾಳಗಳನ್ನು ಸಡಿಲಿಸುವ ಇದರ ಗುಣವನ್ನು ತೋರಿಸಿದ ಫರ್ಚ್‌ಗಾಟ್, ಇಗ್ನಾರೊ, ಮುರಾಡ್ ಅವರಿಗೆ 1998ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಚಲನೆಯಲ್ಲಿ ಇದರ ಪಾತ್ರವೇನು? ತಯಾರಿಕೆಯನ್ನು ನಿಲ್ಲಿಸಿ ನೋಡಬೇಕು. ಆರ್ಜಿನಿನ್‌ನ್ನು ಹೋಲುವ ಔಷಧಿಯೊಂದನ್ನು ಬಿಳಿ ಇಲಿಗೆ ಚುಚ್ಚಿದರೆ ಅದು ಕಿಣ್ವದ ಮೇಲೆ ಕುಳಿತು ಜಾಗ ಬಿಡುವುದಿಲ್ಲ. ಇಲಿಯ ಮುಂಗಾಲುಗಳನ್ನು ಒಂದು ಅಡ್ಡ ಕಂಬಿಯ ಮೇಲಿಡುತ್ತಾರೆ. ಸಾಮಾನ್ಯ ಇಲಿ ತಕ್ಷಣ ಇಳಿದು ಓಡುತ್ತದೆ. ಔಷಧಿ ಪಡೆದದ್ದು ಗೊಂಬೆಯಂತೆ ಹಾಗೆಯೇ ನಿಂತಿರುತ್ತದೆ. ಬ್ರೆಜಿಲ್‌ನ ಸಂಶೋಧಕರು 1990ರ ದಶಕದಲ್ಲಿ ಇದನ್ನು ವರದಿ ಮಾಡಿದರು. ಡೋಪಮೈನ್‌ನ್ನು ತಡೆಯುವ ಔಷಧಿಗಳಿಂದಲೂ ಇಲಿ ಹೀಗೆಯೇ ನಿಲ್ಲುತ್ತದೆ. ಪಾರ್ಕಿನ್ಸನ್ ರೋಗದಲ್ಲಿ ಕೊರತೆಯಾಗುವುದು ಡೋಪಮೈನೇ ಆದ್ದರಿಂದ ಈ ಪ್ರಯೋಗಕ್ಕೆ ಮಹತ್ವ ಬಂತು.

ಆದರೆ ಒಂದು ಅನುಮಾನ. ರಕ್ತನಾಳಗಳಲ್ಲೂ ಈ ಅನಿಲ ಬೇಕಷ್ಟೆ? ಅದನ್ನು ತಡೆದರೆ ರಕ್ತದೊತ್ತಡ ಏರುತ್ತದೆ. ಇಲಿ ನಿಂತದ್ದು ಮಿದುಳಿನಿಂದಲೋ, ರಕ್ತದೊತ್ತಡದಿಂದಲೋ? ಹೀಗಾಗಿ ರಕ್ತದೊತ್ತಡವನ್ನು ಏರಿಸದೆ ಮಿದುಳಿನ ಕಿಣ್ವವನ್ನು ತಡೆಯುವ 7-ನೈಟ್ರೊಇಂಡಜೋಲ್ ಬಳಸಿ ನೋಡಿದರು. ಆಗಲೂ ಇಲಿ ನಿಂತಿತು. ವಿಚಿತ್ರವೆಂದರೆ, ಇಂಥ ಔಷಧಿಯನ್ನು ದಿನವೂ ಕೊಡುತ್ತಾ ಹೋದರೆ ಪರಿಣಾಮ ಕುಗ್ಗುತ್ತದೆ. ಮಿದುಳು ಬೇರೆ ದಾರಿ ಹುಡುಕಿಕೊಳ್ಳುತ್ತದೆಂದು ಕಾಣುತ್ತದೆ.

ಆ ಕಿಣ್ವದ ಜೀನ್ ಇಲ್ಲದ ಇಲಿಗಳನ್ನೇ 1993ರಲ್ಲಿ ಅಮೆರಿಕದಲ್ಲಿ ಸೃಷ್ಟಿಸಲಾಯಿತು. ಅವು ಬದುಕಿದವು, ಓಡಾಡಿದವು. ಹಗಲಿನ ಪರೀಕ್ಷೆಯಲ್ಲಿ ದೋಷವೇ ಕಾಣಲಿಲ್ಲ. ಇಲಿ ನಿಶಾಚರಿ ಎಂಬುದನ್ನು ನೆನೆದು 1999ರಲ್ಲಿ ರಾತ್ರಿ ಪರೀಕ್ಷಿಸಿದಾಗ ಅವುಗಳ ಸಮತೋಲ ತಪ್ಪುತ್ತಿತ್ತು.