ದಂಡಿನ ಎತ್ತು, ಜಾತ್ರೆಯ ಗಾಡಿ

ಬೆನ್ನಿಗೊಂದು ಚೀಲ ಏರಿಸಿಕೊಂಡು ಕಾಂಬೋಡಿಯ ಸುತ್ತಲು ಹೋಗುವ ನಮ್ಮ ಹುಡುಗ ಹುಡುಗಿಯರ ದಾರಿ ಹೆಚ್ಚುಕಡಿಮೆ ಒಂದೇ. ಮೊದಲು ನಾಮ್ ಪೆನ್ ನಗರದ ತುವೋಲ್ ಸ್ಲೆಂಗ್. ಶಾಲೆಯಾಗಿದ್ದ ಕಟ್ಟಡವನ್ನು ಖ್ಮೇರ್ ರೂಜ್ ಆಳ್ವಿಕೆ ಸೆರೆಮನೆ ಮಾಡಿಕೊಂಡು ಸಾವಿರಾರು ಜನರನ್ನು ಹಿಂಸಿಸಿದ ಜಾಗ. 1975ರಿಂದ 1979ರವರೆಗಿನ ಆ ಕರಾಳ ಕಾಲವನ್ನು ನೋಡಿ ಹೊರಬಂದ ಮೇಲೆ ಸಂತೆ, ಗದ್ದೆ, ದೋಣಿ, ಬೀದಿಬದಿಯ ಊಟ, ಕೊನೆಗೆ ಅಂಗ್ಕೋರ್. ಅಲ್ಲಿನ ಬಯಾನ್ ದೇಗುಲದ ಹೊರ ಪ್ರಾಕಾರದ ಗೋಡೆಯಲ್ಲಿ ದಂಡು ಹೊರಟ ಶಿಲ್ಪಸಾಲು ಇದೆ. ಆನೆ, ಈಟಿ ಹಿಡಿದ ಕಾಲಾಳು, ಅವರ ಜೊತೆಗೇ ದವಸ ಹೊತ್ತ ಎತ್ತಿನ ಗಾಡಿ. ಆನೆಯ ಫೋಟೊ ತೆಗೆದವರಷ್ಟು ಜನ ಗಾಡಿಯ ಮುಂದೆ ನಿಲ್ಲುವುದಿಲ್ಲ. ಬೀರೂರು ಸೀಮೆಯವರಾದರೆ ನಿಲ್ಲಬೇಕು. ದಂಡಿನ ಹಿಂದೆ ನಡೆಯುವ ಎತ್ತುಗಳನ್ನು ಸಾಕಿದ ಸರ್ಕಾರಿ ಇಲಾಖೆಯೊಂದು ನಮ್ಮಲ್ಲಿ ಮುನ್ನೂರು ವರ್ಷ ಬಾಳಿ ಇನ್ನೂ ಉಸಿರಾಡುತ್ತಿದೆ. ಅದರ ಈಗಿನ ವಿಳಾಸ, ಅಜ್ಜಂಪುರದ ಅಮೃತ್ ಮಹಲ್ ತಳಿ ಸಂವರ್ಧನಾ ಕೇಂದ್ರ.

ಬೀರೂರು ಜಂಕ್ಷನ್‌ನಲ್ಲಿ ಹಳಿ ಕವಲೊಡೆಯುತ್ತದೆ. ಒಂದು ತರೀಕೆರೆ, ಭದ್ರಾವತಿ ಹಾದು ಶಿವಮೊಗ್ಗಕ್ಕೆ. ಇನ್ನೊಂದು ಅಜ್ಜಂಪುರ, ಹೊಸದುರ್ಗ ರೋಡ್ ಮೇಲೆ ಹುಬ್ಬಳ್ಳಿಗೆ. ಮಲೆನಾಡಿಗೆ ಹೊರಟವರು ಮೊದಲನೆಯದನ್ನು ಹಿಡಿದು ಹೋಗಿಬಿಡುತ್ತಾರೆ. ಎರಡನೆಯ ಹಳಿಯ ಆಸುಪಾಸು ಕಾಣುವುದು ಬಯಲು, ತೆಂಗು, ಈರುಳ್ಳಿ ಹೊಲ, ನಡುವೆ ಬೇಲಿ ಹಾಕಿದ ಹುಲ್ಲುಗಾವಲು. ಈ ಹುಲ್ಲುಗಾವಲಿಗೆ ಜನ ಇಂದಿಗೂ ‘ಕಾವಲು’ ಎಂದೇ ಕರೆಯುತ್ತಾರೆ.

ಇಲಾಖೆಯ ಮೊದಲ ಹೆಸರು ಬೆಣ್ಣೆ ಚಾವಡಿ. ಮೈಸೂರಿನ ಚಿಕ್ಕದೇವರಾಜ ಒಡೆಯರು (1673–1704) ಅರಮನೆಗೆ ಹಾಲು ಬೆಣ್ಣೆ ಒದಗಿಸುವ ದನಗಳಿಗೆಂದು ನಾಡಿನ ಉದ್ದಗಲಕ್ಕೂ ಕಾವಲುಗಳನ್ನು ಮೀಸಲಿಟ್ಟರು. ಬೆಣ್ಣೆಯ ದನ ಮದ್ದುಗುಂಡಿನ ದನವಾದದ್ದು ಹೈದರನ ಕಾಲಕ್ಕೆ. ಪಾಳೆಯಗಾರರನ್ನು ಸೋಲಿಸಿದಾಗಲೆಲ್ಲ ಅವರ ಒಳ್ಳೆಯ ರಾಸುಗಳನ್ನೂ ಹೊಡೆದುಕೊಂಡು ಬಂದು ಮಂದೆ ಬೆಳೆಸಿದ. ಚಿದಂಬರದ ಕಡೆಗೆ ಎರಡೂವರೆ ದಿನದಲ್ಲಿ ನೂರು ಮೈಲಿ ದಂಡು ನಡೆಸಿದ್ದು ಈ ಎತ್ತುಗಳ ಬಲದಿಂದಲೇ ಎಂದು ಬರೆದಿಟ್ಟವರು ಅವನ ಶತ್ರುಗಳಾದ ಇಂಗ್ಲಿಷರು. ಟಿಪ್ಪು ಇಲಾಖೆಗೆ ಅಮೃತ್ ಮಹಲ್ ಎಂದು ಹೆಸರು ಬದಲಿಸಿ, ದನ ಸಾಕುವ ಕ್ರಮಕ್ಕೇ ಒಂದು ಹುಕುಂನಾಮೆ ಹೊರಡಿಸಿದ. ಬೇಸಿಗೆಗೊಂದು ಕಾವಲು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು. ನೆರಳು, ಕೆರೆ, ಕಾಯಿ ಉದುರಿಸುವ ಜಾಲಿ ಮರ ಇರುವ ಕಾವಲು ಬೇಸಿಗೆಗೆ. ಮೇವಿನ ಲೆಕ್ಕಾಚಾರ ಇಷ್ಟು ಕರಾರುವಾಕ್ಕಾಗಿ ನಡೆದದ್ದು ಹಸುವಿನ ಮೇಲಿನ ಮಮತೆಯಿಂದಲ್ಲ, ಫಿರಂಗಿ ಎಳೆಸಲು. ಇದನ್ನು ಮರೆತು ‘ದೇಸಿ ತಳಿಯ ವೈಭವ’ ಎಂದು ಬರೆಯುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಎತ್ತುಗಳ ಒಡೆಯರು ಬದಲಾದರು, ಕೆಲಸ ಬದಲಾಗಲಿಲ್ಲ. ಬಯಲುಸೀಮೆಯ ಈ ರಾಸುಗಳು 1842ರ ಆಫ್ಘಾನ್ ದಂಡಯಾತ್ರೆಗೂ ಹೋದವು. ಹದಿನಾರು ತಾಸು ನೊಗದಡಿಯೇ ಇದ್ದ ದಿನಗಳು ದಾಖಲೆಯಲ್ಲಿವೆ. 1860ರಲ್ಲಿ ಮದ್ರಾಸಿನ ಗವರ್ನರು ಟ್ರೆವೆಲಿಯನ್, ಖರ್ಚು ಉಳಿಸುವ ನೆಪದಲ್ಲಿ ಮಂದೆಯನ್ನೇ ಮಾರಿಸಿಬಿಟ್ಟ. ಕೊಂಡವರಲ್ಲಿ ಈಜಿಪ್ಟಿನ ಪಾಷಾ ಕೂಡ ಇದ್ದ! ಕೆಲವೇ ವರ್ಷಗಳಲ್ಲಿ ಫಿರಂಗಿ ಎಳೆಯಲು ತಕ್ಕ ಎತ್ತು ಸಿಗದೆ ಪರದಾಡಿ ಸರ್ಕಾರ ಮತ್ತೆ ಮಂದೆ ಕಟ್ಟಿತು.

ಕೇಂದ್ರದ ಅನುಮತಿ ಪಡೆದು ಒಳಗೆ ಹೋದವರು ಹಾಲಿನ ಡೇರಿಯ ಸಾಧು ಹಸುಗಳನ್ನು ನಿರೀಕ್ಷಿಸಬಾರದು. ಬೂದು ಮೈ, ಒಣಗಿದಂತೆ ಬಿಗಿದ ಕಾಲು, ಉದ್ದನೆಯ ಮುಖ, ಹಣೆಯ ನಡುವೆ ಗೀರಿದಂತಹ ಗೆರೆ. ಕೊಂಬುಗಳು ಬುಡದಲ್ಲಿ ಒಂದಕ್ಕೊಂದು ತಾಗುವಷ್ಟು ಹತ್ತಿರ ಹುಟ್ಟಿ, ಹಿಂದಕ್ಕೆ ಬಾಗಿ, ಮತ್ತೆ ಮೇಲೆದ್ದು ಭರ್ಜಿಯಾಗಿ ಮುಗಿಯುತ್ತವೆ. ಹೊಸಬರ ವಾಸನೆ ಬಡಿದೊಡನೆ ಇಡೀ ಹಿಂಡು ಮೇಯುವುದು ಬಿಟ್ಟು ತಲೆ ಎತ್ತುತ್ತದೆ. ಹಸು ಕರುವಿನ ನಡುವೆ ನಡೆದುಹೋಗುವ ಸಾಹಸ ಬೇಡ. ದನಗಾಹಿಯ ಕೂಗು ಒಂದನ್ನೇ ಅವು ಲೆಕ್ಕಕ್ಕಿಟ್ಟುಕೊಳ್ಳುವುದು. ಹಾಲು ಕರುವಿಗೆ ಸಾಕಾಗುವಷ್ಟು. ಹಳಬರ ಬಾಯಲ್ಲಿ ಇವಕ್ಕೆ ‘ದೊಡ್ಡದನ’ ಎಂಬ ಹೆಸರು.

ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆಗೂ ಮಿಕ್ಕಿದ್ದ ಕಾವಲು ಈಗ ಅದರ ಒಂದು ಚೂರು. ಉಳುಮೆಗೆ, ನಿವೇಶನಕ್ಕೆ, ನೀಲಗಿರಿ ತೋಪಿಗೆ ಹೋದದ್ದು ಹೋಯಿತು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಂತೂ ಸಾವಿರಾರು ಎಕರೆ ಅಮೃತ್ ಮಹಲ್ ಕಾವಲು ರಕ್ಷಣಾ ಸಂಶೋಧನೆ, ಅಣುವಿಜ್ಞಾನ, ಬಾಹ್ಯಾಕಾಶ ಸಂಸ್ಥೆಗಳ ಪಾಲಾಗಿದೆ. ಪೈಲಟ್ ಇಲ್ಲದ ವಿಮಾನಗಳ ಪರೀಕ್ಷೆ ಅಲ್ಲೇ ನಡೆಯುತ್ತದೆ. ದಂಡಿಗೆಂದು ಬೆಳೆಸಿದ ಹುಲ್ಲು ಮತ್ತೆ ದಂಡಿಗೇ ಹೋಯಿತು, ಈ ಸಲ ಎತ್ತನ್ನು ಆಚೆ ಕಳಿಸಿ. ಕಡೂರು ತಾಲ್ಲೂಕಿನ ಬಾಸೂರು ಕಾವಲಿನ ಅದೃಷ್ಟ ಬೇರೆ: 2011ರಲ್ಲಿ ಅದು ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಬೆಳಿಗ್ಗೆ ಹೋದರೆ ಕೃಷ್ಣಮೃಗ ಸಿಗುತ್ತದೆ, ಪುಣ್ಯವಿದ್ದರೆ ತೋಳ.

ತರೀಕೆರೆ ಬಳಿಯ ಅಮೃತಾಪುರವನ್ನೂ ಇದೇ ಸುತ್ತಿನಲ್ಲಿ ನೋಡಬಹುದು. ಅಮೃತೇಶ್ವರ ದೇಗುಲವನ್ನು 1196ರಲ್ಲಿ ಕಟ್ಟಿಸಿದವನು ಇಮ್ಮಡಿ ಬಲ್ಲಾಳನ ದಂಡನಾಯಕ. ಬಯಾನ್ ಕಟ್ಟಿಸಿದ ಏಳನೆಯ ಜಯವರ್ಮನ್ ಅವನ ಸಮಕಾಲೀನ. ತರೀಕೆರೆ ಪೇಟೆಯದು ಇನ್ನೊಂದು ಕತೆ: 1830ರ ನಗರ ದಂಗೆಯಲ್ಲಿ ಕೈಜೋಡಿಸಿದ ಪಾಳೆಯಗಾರ ಸರ್ಜಾ ಹನುಮಪ್ಪ ನಾಯಕ ವರ್ಷಗಟ್ಟಲೆ ತಪ್ಪಿಸಿಕೊಂಡು, 1834ರಲ್ಲಿ ಸಿಕ್ಕಿಬಿದ್ದು ಗಲ್ಲಿಗೇರಿದ. ತುವೋಲ್ ಸ್ಲೆಂಗ್‌ನಲ್ಲಿ ಗೋಡೆ ಗೋಡೆಗೂ ಸತ್ತವರ ಮುಖಗಳಿವೆ. ನಮ್ಮಲ್ಲಿ ಕೇಳಿಕೊಂಡು ಹೋಗಬೇಕು, ಹೇಳುವವರು ಸಿಗಬೇಕು.

ದಂಡು ಹೋದ ಮೇಲೆ ಈ ಎತ್ತಿಗೆ ಏನು ಕೆಲಸ? ಉತ್ತರ ಅಂತರಘಟ್ಟೆಯಲ್ಲಿದೆ. ಅಲ್ಲಿನ ದುರ್ಗಾಂಬಾ ಜಾತ್ರೆಗೆ ಸುತ್ತಲ ತಾಲ್ಲೂಕುಗಳಿಂದ ಪಾನಕದ ಗಾಡಿಗಳು ಹೊರಡುತ್ತವೆ. ಗೆಜ್ಜೆ, ಕೊಂಬಿಗೆ ಬಣ್ಣ, ಬೆನ್ನ ಮೇಲೆ ಜೂಲು. ಹಾದಿಯುದ್ದಕ್ಕೂ ಧೂಳು, ಕೇಕೆ. ಸುಮ್ಮನೆ ಹೋಗುವ ಗಾಡಿ ಕಾಣುವುದು ಅಪರೂಪ, ಎಲ್ಲವೂ ಓಟವೇ. ಟ್ರ್ಯಾಕ್ಟರು ಮನೆಮನೆಗೂ ಬಂದಮೇಲೂ ಜೋಡಿ ಎತ್ತು ಕಟ್ಟುವ ಮನೆಗಳು ಉಳಿದಿರುವುದಕ್ಕೆ ಈ ಜಾತ್ರೆಯೂ ಒಂದು ಕಾರಣ.

ಇನ್ನೊಂದು ಕಾರಣ ಕೇಂದ್ರದ ಹರಾಜು. ಗಂಡು ಕರುಗಳನ್ನು ಜೋಡಿ ಮಾಡಿ ಬಹಿರಂಗವಾಗಿ ಕೂಗುತ್ತಾರೆ. ಹಾವೇರಿ, ದಾವಣಗೆರೆ, ಶಿಕಾರಿಪುರ ಕಡೆಯವರು ಬಂದು ಸುಳಿ, ಗೊರಸು, ಕೊಂಬಿನ ಓರೆ ನೋಡುತ್ತಾ ನಿಲ್ಲುತ್ತಾರೆ. ಹಲವರಿಗೆ ಬೇಕಾದದ್ದು ಉಳುವ ಎತ್ತಲ್ಲ, ಹೋರಿ ಹಬ್ಬದಲ್ಲಿ ಕೊಬ್ಬರಿ ಸರ ಕಟ್ಟಿಕೊಂಡು ಯಾರ ಕೈಗೂ ಸಿಗದೆ ನುಗ್ಗುವ ಹೋರಿ. ಬೆದರುವ, ಹಾಯುವ, ಓಡುವ ಗುಣವೇ ಬೆಲೆ ತರುತ್ತದೆ. ಒಳ್ಳೆಯ ಜೋಡಿ ಲಕ್ಷ ದಾಟುತ್ತದೆ. ಹರಾಜಿನ ದಿನಾಂಕವನ್ನು ಕೇಂದ್ರದವರು ಮುಂಚೆಯೇ ತಿಳಿಸುತ್ತಾರೆ. ಹಿಂದಿನ ರಾತ್ರಿ ಬೀರೂರಿನಲ್ಲೇ ಉಳಿದು ಬೆಳಗಿನ ರೈಲು ಹಿಡಿಯುವುದು ವಾಸಿ. ಕೂಗು ಶುರುವಾಗುವ ಮೊದಲು, ಕಟ್ಟಿಹಾಕಿದ ಕರುಗಳ ಸುತ್ತ ರೈತರು ಆಡುವ ಮಾತು ಕೇಳಿಸಿಕೊಳ್ಳಬೇಕು.