ಇಲ್ಲದ ನಕ್ಷತ್ರಗಳಿಗಾಗಿ ಕಾಳಗ

ಚದುರಂಗದಲ್ಲಿ ಆನೆಯನ್ನು ಕಳೆದುಕೊಂಡವನು ಮರುದಿನ ಅದೇ ಆನೆಯನ್ನು ಮಣೆಯ ಮೇಲೆ ಹೂಡಿ ಕುಳಿತುಕೊಳ್ಳುತ್ತಾನೆ. ನಿನ್ನೆಯ ಸೋಲಿನ ಗುರುತು ಎಲ್ಲಿಯೂ ಉಳಿದಿರುವುದಿಲ್ಲ. ಗಣಕಯಂತ್ರಗಳ ಮೂಲಕ ಸಾವಿರಾರು ಜನ ಏಕಕಾಲದಲ್ಲಿ ಆಡುವ ಬಾಹ್ಯಾಕಾಶದ ಆಟಗಳಿಗೂ ಈ ದೋಷ ತಗಲುವುದುಂಟು. ಎರಡು ಪಕ್ಷಗಳು ಒಂದು ಗ್ರಹಕ್ಕಾಗಿ ಕಾದಾಡುತ್ತವೆ. ನಕ್ಷೆಯ ಬಣ್ಣ ಬದಲಾಗುತ್ತದೆ. ವಾರ ಕಳೆಯುವುದರೊಳಗೆ ಹಳೆಯ ಬಣ್ಣವೇ ಮರಳುತ್ತದೆ. ಗೆದ್ದವನಿಗೆ ಬಂದುದೇನು, ಸೋತವನಿಂದ ಹೋದುದೇನು?

ಐಸ್‌ಲೆಂಡಿನ ರೇಕ್ಯಾವಿಕ್ ನಗರದ ಸಿ.ಸಿ.ಪಿ. ಸಂಸ್ಥೆಯು ೨೦೦೩ರಲ್ಲಿ ಹೊರತಂದ ‘ಈವ್ ಆನ್‌ಲೈನ್’ ಎಂಬ ಆಟವು ಈ ಪ್ರಶ್ನೆಗೆ ಕಠೋರವಾದ ಉತ್ತರವನ್ನಿತ್ತಿತು. ಅದರ ಕಲ್ಪಿತ ಆಕಾಶದ ಅಂಚಿನ ಪ್ರದೇಶಗಳಲ್ಲಿ ರಾಜನೂ ಇಲ್ಲ, ಕಾವಲುಗಾರನೂ ಇಲ್ಲ. ಆಟಗಾರರ ಒಕ್ಕೂಟಗಳೇ ಅಲ್ಲಿನ ಒಡೆಯರು. ಯುದ್ಧನೌಕೆಗಳು ಬಿಟ್ಟಿಯಾಗಿ ದೊರೆಯುವುದಿಲ್ಲ. ಯಾರೋ ಅದಿರನ್ನು ಅಗೆದು, ಯಾರೋ ಸಾಗಿಸಿ, ಮತ್ತಾರೋ ಅವುಗಳನ್ನು ಕಟ್ಟಬೇಕು. ‘ಟೈಟನ್’ ಎಂಬ ಮಹಾನೌಕೆಗೆ ವಾರಗಟ್ಟಲೆ ಕಾಲ ಹಿಡಿಯುತ್ತದೆ. ಸಿಡಿದುಹೋದ ನೌಕೆ ಮರಳಿ ಬಾರದು. ಹೀಗಿರುವುದರಿಂದಲೇ ಅದಿರಿರುವ ಪ್ರದೇಶಕ್ಕೆ ಬೆಲೆ ಬಂದಿತು.

೨೦೧೪ರ ಜನವರಿಯಲ್ಲಿ ಏನಾಯಿತೆಂಬುದನ್ನು ನೋಡಿರಿ. ‘ಬಿ-ಆರ್೫ಆರ್‌ಬಿ’ ಎಂಬ ನಕ್ಷತ್ರವ್ಯೂಹವನ್ನು ಒಂದು ಪಕ್ಷದವರು ತಮ್ಮ ನೆಲೆಯಾಗಿಸಿಕೊಂಡಿದ್ದರು. ಒಡೆತನಕ್ಕಾಗಿ ಕಾಲಕಾಲಕ್ಕೆ ಸಲ್ಲಿಸಬೇಕಾದ ಶುಲ್ಕ ಅದೇಕೋ ಸಲ್ಲಲಿಲ್ಲ, ಒಡೆತನ ತಪ್ಪಿತು, ಎದುರಾಳಿಗಳು ಧಾವಿಸಿ ಬಂದರು. ಕಂದಾಯ ಬಾಕಿಯಿಂದ ಹೊತ್ತಿಕೊಂಡ ಈ ಕಾಳಗ ಸುಮಾರು ೨೧ ಗಂಟೆಗಳ ಕಾಲ ನಡೆಯಿತು. ಏಳೂವರೆ ಸಾವಿರಕ್ಕೂ ಹೆಚ್ಚು ಮಂದಿ ಪಾಲ್ಗೊಂಡರು. ೭೫ ಟೈಟನ್‌ಗಳು ನಾಶವಾದವು. ಆಟದ ನಾಣ್ಯವನ್ನು ಡಾಲರಿಗೆ ಪರಿವರ್ತಿಸಿ ನೋಡಿದವರು ನಷ್ಟವನ್ನು ಮೂರು ಲಕ್ಷಕ್ಕೂ ಮಿಗಿಲೆಂದು ಅಂದಾಜು ಮಾಡಿದರು. ಇಷ್ಟು ಜನರ ಭಾರವನ್ನು ಗಣಕಗಳು ಹೊರುವುದೆಂತು? ಅದಕ್ಕಾಗಿ ಆಟದ ಕಾಲವನ್ನೇ ಹತ್ತನೆಯ ಒಂದು ಪಾಲಿನವರೆಗೆ ನಿಧಾನಗೊಳಿಸುವ ಉಪಾಯವುಂಟು. ಆಗ ಆಟದೊಳಗಿನ ಒಂದು ಸೆಕೆಂಡಿಗೆ ನಮ್ಮ ಹತ್ತು ಸೆಕೆಂಡುಗಳು ಸಲ್ಲುತ್ತವೆ. ಭಗ್ನನೌಕೆಗಳ ಅವಶೇಷಗಳನ್ನು ಸಂಸ್ಥೆಯವರು ಸ್ಮಾರಕವಾಗಿ ಅಲ್ಲಿಯೇ ಉಳಿಸಿದರು.

ಆದರೆ ನಷ್ಟದ ಭಯವೊಂದೇ ಸಾಲದು. ಬಲಿಷ್ಠ ಒಕ್ಕೂಟಗಳು ತಾವು ಬಳಸದ ವಿಸ್ತಾರವಾದ ಪ್ರದೇಶಗಳನ್ನೂ ಹಿಡಿದುಕೊಂಡು ಕುಳಿತವು. ಅವುಗಳ ಕೋಟೆಗಳನ್ನು ಒಡೆಯಲು ಭಾರಿ ನೌಕಾಪಡೆಯೇ ಬೇಕಾಗಿದ್ದುದರಿಂದ ಚಿಕ್ಕ ಗುಂಪುಗಳು ಕೈಕಟ್ಟಿ ನಿಲ್ಲಬೇಕಾಯಿತು. ೨೦೧೫ರಲ್ಲಿ ನಿಯಮ ಬದಲಾಯಿತು. ಗಣಿಗಾರಿಕೆಯೋ ಬೇಟೆಯೋ ಸತತವಾಗಿ ನಡೆಯುತ್ತಿರುವ ವ್ಯೂಹವನ್ನು ಕಸಿದುಕೊಳ್ಳಲು ಪಾಳುಬಿದ್ದುದಕ್ಕಿಂತ ಆರು ಪಟ್ಟಿನವರೆಗೂ ಹೆಚ್ಚು ಹೊತ್ತು ಹಿಡಿಯುವಂತೆ ಮಾಡಿದರು. ಉಳುವವನೇ ಹೊಲದೊಡೆಯ ಎಂಬ ನ್ಯಾಯವಷ್ಟೆ.

ಇದೇ ಆಟದಲ್ಲಿ ನಾಲ್ಕು ಸ್ಥಿರ ಸಾಮ್ರಾಜ್ಯಗಳೂ ಉಂಟು. ೨೦೦೮ರಿಂದ ಅವುಗಳ ಪಕ್ಷವಹಿಸಿ ಹೋರಾಡಬಹುದು. ಈ ಸಾಮ್ರಾಜ್ಯಗಳು ಅಳಿಯುವಂತಿಲ್ಲವಾದುದರಿಂದ ಇಲ್ಲಿನ ತೊಡಕು ಬೇರೆ. ಶತ್ರುವನ್ನು ಎದುರಿಸುವುದಕ್ಕಿಂತ ಯಾರೂ ಇಲ್ಲದ ಮೂಲೆಯನ್ನು ಹಿಡಿದು ಬಹುಮಾನ ಎಣಿಸುವುದೇ ಲಾಭಕರವೆನಿಸುತ್ತಿತ್ತು. ೨೦೨೨ರಲ್ಲಿ ಗಡಿಗೆ ಹೊಂದಿದ ವ್ಯೂಹಗಳಲ್ಲಿನ ಹೋರಾಟಕ್ಕೆ ಹೆಚ್ಚು ಫಲವನ್ನೂ ಹಿಂಬದಿಯದಕ್ಕೆ ಅಲ್ಪವನ್ನೂ ಗೊತ್ತುಪಡಿಸಿದರು. ಎಲ್ಲ ಮಾರ್ಪಾಟುಗಳಲ್ಲಿ ಇದೇ ಜಾಣತನದ್ದೆಂದು ನನ್ನ ಎಣಿಕೆ: ಶೌರ್ಯವನ್ನು ಕಾನೂನಿನಿಂದ ಹುಟ್ಟಿಸಲಾಗದು, ಭೇಟಿಯನ್ನು ಏರ್ಪಡಿಸಬಹುದು.

ಇನ್ನು ಭೂಗೋಳದ್ದೇ ಒಂದು ತೊಂದರೆ. ನಕ್ಷತ್ರಗಳು ಕಲ್ಪಿತವಾದರೂ ಆಟಗಾರರು ವಾಸಿಸುವುದು ದುಂಡಾದ ಭೂಮಿಯ ಮೇಲೆ ತಾನೆ? ಯೂರೋಪಿನವರು ನಿದ್ರಿಸುವಾಗ ಆಸ್ಟ್ರೇಲಿಯದವರು ಎಚ್ಚರವಾಗಿರುತ್ತಾರೆ. ನಿದ್ರಿಸುವವನ ಕೋಟೆಯನ್ನು ಒಡೆದರೆ ಅದು ಕಾಳಗವಲ್ಲ, ಕನ್ನ. ಆದುದರಿಂದಲೇ ೨೦೧೫ರ ನಿಯಮಗಳು, ದಿನದ ಯಾವ ಹೊತ್ತಿನಲ್ಲಿ ತನ್ನ ಕೋಟೆ ದಾಳಿಗೆ ಈಡಾಗಬಹುದೆಂಬುದನ್ನು ಗೊತ್ತುಮಾಡುವ ಹಕ್ಕನ್ನು ಒಡೆಯನಿಗೇ ಬಿಟ್ಟುಕೊಟ್ಟವು.