ಚಕ್ರಕ್ಕೊಂದು ಚರಿತ್ರೆ

ಶಹಾಪುರ, ಸುರಪುರಗಳ ಜನ ದೂರದೂರಿಗೆ ರೈಲು ಹಿಡಿಯಬೇಕಾದರೆ ಬಸ್ಸು ಹತ್ತಿ ಯಾದಗಿರಿಗೆ ಬರುವುದು ಇಂದಿಗೂ ರೂಢಿ. 1871ರಲ್ಲಿ ರಾಯಚೂರಿನಲ್ಲಿ ಸಂಧಿಸಿದ ಮುಂಬಯಿ–ಮದ್ರಾಸು ಮಾರ್ಗದ ಮೇಲಿರುವ ಇಂತಹ ನಿಲ್ದಾಣಗಳಲ್ಲಿ ಗಾಡಿ ಒಳಬರುವಾಗ, ತಪಾಸಣೆಯ ಸಿಬ್ಬಂದಿ ಹಳಿಯ ಇಕ್ಕೆಲಗಳಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು, ಜೋತಾಡುವ ಭಾಗಗಳನ್ನು ಕಣ್ಣಿನಿಂದಲೂ ಚಕ್ರದ ಲಯಭಂಗವನ್ನು ಕಿವಿಯಿಂದಲೂ ಗ್ರಹಿಸುವ ಪದ್ಧತಿ ಬಹುಕಾಲದ್ದು. ಗಾಡಿ ನಿಂತಮೇಲೆ, ಸಂತೆಯಲ್ಲಿ ಗಡಿಗೆಯನ್ನು ಬಡಿದು ನೋಡುವಂತೆ, ಚಕ್ರವನ್ನು ಸುತ್ತಿಗೆಯಿಂದ ತಟ್ಟಿ ಅದರ ನಾದವನ್ನು ಪರೀಕ್ಷಿಸುವುದೂ ಇದ್ದಿತು.

ಬ್ರೇಕು ಕಚ್ಚಿಕೊಂಡು ಚಕ್ರವು ಉರುಳದೆ ಜಾರಿದರೆ ಅದರ ಅಂಚು ಒಂದೆಡೆ ಸವೆದು ಚಪ್ಪಟೆಯಾಗುತ್ತದೆ. ಪ್ರಯಾಣಿಕರ ಡಬ್ಬಿಯ ಹೊಸ ಚಕ್ರದ ವ್ಯಾಸ 915 ಮಿಲಿಮೀಟರ್. ಅದರಲ್ಲಿ 50 ಮಿಲಿಮೀಟರಿಗಿಂತ ಉದ್ದನೆಯ ಚಪ್ಪಟೆಗೆ ಅನುಮತಿಯಿಲ್ಲ. ನೋಡುವುದಕ್ಕೆ ಅಲ್ಪವೆನಿಸುವ ಈ ದೋಷವೇ, ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ, ಹಳಿಯನ್ನು ಸೆಕೆಂಡಿಗೆ ಸುಮಾರು 10 ಸಲ ಕುಟ್ಟುತ್ತದೆ. ರೈಲ್ವೆಯ ಸಂಶೋಧನಾ ಸಂಸ್ಥೆಯೂ ಕಾನಪುರದ ಐಐಟಿಯೂ ಕೂಡಿ ರೂಪಿಸಿದ ‘ವಿಲ್ಡ್’ ಎಂಬ ಉಪಕರಣವು ಹಳಿಗೆ ಅಳವಡಿಸಿದ ಸಂವೇದಕಗಳಿಂದ ಈ ಆಘಾತವನ್ನು, ಗಾಡಿಯನ್ನು ನಿಲ್ಲಿಸದೆಯೇ, ಅಳೆಯುತ್ತದೆ. ಬೇರಿಂಗಿನೊಳಗಿನ ಬಿರುಕನ್ನು ಹಳಿಯ ಪಕ್ಕದ ಮೈಕ್ರೋಫೋನುಗಳು ಧ್ವನಿಯಿಂದಲೂ, ಕಾದ ಅಚ್ಚಿನ ತುದಿಯನ್ನು ಅವಕೆಂಪು ಸಂವೇದಕಗಳು ತಾಪದಿಂದಲೂ ಪತ್ತೆಹಚ್ಚುತ್ತವೆ. ಬೇಸಗೆಯಲ್ಲಿ 40 ಡಿಗ್ರಿ ದಾಟುವ ಯಾದಗಿರಿಯ ಬಿಸಿಲಿನಲ್ಲಿ ಎಲ್ಲ ಕಬ್ಬಿಣವೂ ಕಾದೇ ಇರುವುದಷ್ಟೆ! ಆದುದರಿಂದ ಬರಿಯ ಉಷ್ಣಮಾನವನ್ನು ನೆಚ್ಚದೆ, ಒಂದೇ ಅಚ್ಚಿನ ಎಡಬಲ ತುದಿಗಳನ್ನು ಪರಸ್ಪರ ಹೋಲಿಸಿ ನೋಡಬೇಕಾಗುತ್ತದೆ.

ಆದರೆ ಯಂತ್ರದ ಹೆಚ್ಚುಗಾರಿಕೆ ಇಂದ್ರಿಯಪಟುತ್ವದಲ್ಲಿಲ್ಲವೆಂದೇ ನನ್ನ ಅಭಿಪ್ರಾಯ. ನುರಿತ ಕೆಲಸಗಾರನ ಕಿವಿಯನ್ನು ಹಗುರವಾಗಿ ಕಾಣುವವರು ಆ ಕೆಲಸವನ್ನು ಕಂಡವರಲ್ಲ. ವಾಡಿಯ ಸಿಮೆಂಟು ಹೇರಿಕೊಂಡು ಸಾಗುವ ವ್ಯಾಗನ್ನೊಂದನ್ನು ಅವನು ಇಂದು ನೋಡಿದರೆ ಅದು ಮತ್ತೆ ಅವನ ಮುಂದೆ ಬರುವುದು ಯಾವಾಗಲೋ. ವ್ಯಾಗನ್ನಿಗೆ ಆರ್‌ಎಫ್‌ಐಡಿ ಚೀಟಿ ತೊಡಿಸಿದಾಗಲಾದರೋ, ದಾರಿಯಲ್ಲಿ ಸಿಕ್ಕ ಪ್ರತಿಯೊಂದು ಮಾಪನಕೇಂದ್ರವೂ ಅದರ ಸಂಖ್ಯೆಯನ್ನೋದಿ ಆಯಾ ಚಕ್ರದ ಲೆಕ್ಕವನ್ನು ಒಂದೇ ಕಡತಕ್ಕೆ ಸೇರಿಸಬಲ್ಲದು. ಕಳೆದ ತಿಂಗಳಿಗಿಂತ ಈ ತಿಂಗಳು ಆಘಾತ ಬೆಳೆದಿದೆಯೆಂಬುದು, ಅಪಾಯದ ಮಿತಿಯನ್ನು ಮುಟ್ಟುವ ಮುನ್ನವೇ, ಗಣಕಕ್ಕೆ ಗೋಚರವಾಗುತ್ತದೆ. ಸುಳ್ಳು ಎಚ್ಚರಿಕೆಗಳೂ ಬರುವುವು. ಅಂತಹ ಚಕ್ರದ ಬಳಿಗೆ ಮನುಷ್ಯನೇ ಹೋಗಿ ನೋಡಬೇಕು.

ಶಹಾಪುರ, ಸುರಪುರಗಳನ್ನು ಹಾಯುವಂತೆ ಯೋಜಿಸಿರುವ ಗದಗ–ವಾಡಿ ಹೊಸ ಮಾರ್ಗದ ನಿರ್ಮಾಣ ನಡೆದಿದೆ. ಹಳೆಯ ಹಳಿಯಲ್ಲಿ ಇಂತಹ ಸಾಧನಗಳನ್ನು ಕೂಡಿಸಲು ಓಡಾಟದ ನಡುವೆ ಬಿಡುವು ಹುಡುಕಬೇಕು. ಹೊಸ ಹಳಿಗೆ ಜಲ್ಲಿ ಸುರಿಯುವಾಗಲೇ ಸಂವೇದಕಗಳಿಗೂ ಅವುಗಳ ತಂತಿಗಳಿಗೂ ಸ್ಥಳ ಕಾದಿರಿಸುವುದು ಅಷ್ಟೇನೂ ಕಷ್ಟವಲ್ಲ.